ಊರಿಗೆ ಉಪಕಾರಿ, ಮನೆಗೆ?

ಅಪ್ಪ ತೀರಿಕೊಂಡಾಗ ಮಾತಾಡಿಸಲು ಬಂದವರಲ್ಲಿ ಅರ್ಧ ಜನ ಕೇಳಿದ್ದು ಒಂದೇ ಪ್ರಶ್ನೆ. ಈಗಲೂ ಸಾಗರದಲ್ಲಿ ಯಾವ ಮದುವೆಮನೆಗೆ ಹೋದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲ ಮಾರಾಯ್ತಿ, ನಿನ್ನಪ್ಪ ಊರಲ್ಲಿ ಯಾರಿಗೇ ರಕ್ತ ಬೇಕಾದ್ರೂ ಕೊಡೋರನ್ನ ಹುಡುಕ್ಕೊಂಡು ಹಗಲು ರಾತ್ರಿ ಅನ್ನದೆ ಓಡಾಡ್ತಿದ್ರು. ಮನೆ ಕಡೆ ನೋಡೋಕೆ ಪುರುಸೊತ್ತು ಎಲ್ಲಿರ್ತಿತ್ತು?" ಕೇಳುವವರು ಹೊಗಳಿಯೇ ಕೇಳುತ್ತಾರೆ, ಅನುಮಾನವಿಲ್ಲ. ಆದರೆ ಆ ಹೊಗಳಿಕೆಯ ಸೆರಗಿನಿಂದ 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆ ಇಣುಕುವುದು ನನಗೆ ಕಾಣುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಕೂತು ಇದಕ್ಕೆಲ್ಲ ಉತ್ತರ ಹೇಳಿ ಮುಗಿಯುವುದಿಲ್ಲ.

ಮೊದಲನೆಯದಾಗಿ, ಅಪ್ಪ ಓಡಾಡಿದ್ದು ಕಡಿಮೆ, ಕೂತಿದ್ದೇ ಹೆಚ್ಚು. ಅವನು ಅಡಿಕೆ ಮಂಡಿಯ ಗುಮಾಸ್ತ. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ಬಗೆಗಳನ್ನು ದಿನವಿಡೀ ಲೆಕ್ಕ ಬರೆದವನಿಗೆ ರಕ್ತದಾನವೂ ಲೆಕ್ಕದ ಕೆಲಸವಾಗಿಯೇ ಕಂಡಿತು. ಮಂಡಿಯಲ್ಲಿ ರೈತರಿಗಿದ್ದ ಹಾಗೆ ಕೆಂಪು ರಟ್ಟಿನ ಉದ್ದ ಖಾತೆ ಪುಸ್ತಕದಲ್ಲಿ ರಕ್ತ ಕೊಡುವವರಿಗೆ ಒಂದೊಂದು ಪುಟ. ಹೆಸರು, ಊರು, ಗುಂಪು, ತೂಕ, ಹಿಂದೆ ಕೊಟ್ಟ ತಾರೀಖು. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಮತ್ತೆ ಕೊಡಬಹುದಾದ ತಾರೀಖು, ಮೂರು ತಿಂಗಳು ಕೂಡಿಸಿ. ನೂರು ಜನರಲ್ಲಿ ಐದಾರು ಮಂದಿ ಸಿಕ್ಕರೆ ಹೆಚ್ಚು ಎನ್ನುವ ನೆಗೆಟಿವ್ ಗುಂಪಿನವರಿಗೆ ಕೊನೆಯಲ್ಲಿ ಬೇರೆಯೇ ಪುಟಗಳು. ಅವರ ಎದುರಿಗೆ ಇನ್ನೊಂದು ಸಾಲು: "ಮಗಳ ಮದುವೆ ಮೇ ತಿಂಗಳು, ಆಗ ಕೇಳಬಾರದು", "ಹೆಂಡತಿ ಹತ್ತಿರ ಮೊದಲು ಮಾತಾಡುವುದು". ಮೊಬೈಲ್ ಇಲ್ಲದ ಕಾಲ. ಬಹಳ ಪುಟಗಳಲ್ಲಿ ಇದ್ದದ್ದು ಪಕ್ಕದ ಮನೆಯ ಪಿಪಿ ನಂಬರ್. ಆ ಮನೆಯವರು ಹೋಗಿ ಕರೆಯಬೇಕು, ಅವನು ಬಂದು ಫೋನ್ ಹಿಡಿಯಬೇಕು, ಅಷ್ಟರವರೆಗೆ ಅಪ್ಪ ಟ್ರಂಕ್ ಪೆಟ್ಟಿಗೆಯ ಮೇಲೆ ಕೂತು ಕಾಯಬೇಕು.

1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, 1998ರ ಜನವರಿ 1ರಿಂದ ದುಡ್ಡು ತೆಗೆದುಕೊಂಡು ರಕ್ತ ಕೊಡುವ ದಂಧೆಗೆ ನಿಷೇಧ ಬಿತ್ತು. ಆಗಬೇಕಾದದ್ದೇ ಆಯಿತು. ಆದರೆ 70 ಕಿಲೋಮೀಟರ್ ಆಚೆ ಶಿವಮೊಗ್ಗದಲ್ಲಿ ಹೆರಿಗೆಗೆ ಮಲಗಿದ ಹೆಂಗಸಿನ ಗಂಡ ಕೈಯಲ್ಲಿ ಚೀಟಿ ಹಿಡಿದು "ಎರಡು ಬಾಟ್ಲಿ ಬೇಕಂತೆ" ಎಂದು ಅಲೆಯುವುದು ಅದರಿಂದ ನಿಲ್ಲಲಿಲ್ಲ. ನಮ್ಮ ಮನೆಯ ಫೋನು ಹೆಚ್ಚಾಗಿ ಬಡಿದುಕೊಳ್ಳಲು ಶುರುವಾದದ್ದು ಆಗ.

ಈಗ ಮನೆಯ ವಿಷಯ. ಮಧ್ಯಾಹ್ನ ಅಪ್ಪ ಮಂಡಿಯಲ್ಲಿ, ಫೋನು ಮನೆಯಲ್ಲಿ. ಎತ್ತುತ್ತಿದ್ದವಳು ಅಮ್ಮ. ರೋಗಿಯ ಹೆಸರು, ಆಸ್ಪತ್ರೆ, ವಾರ್ಡು, ಗುಂಪು, ಎಷ್ಟು ಹೊತ್ತಿಗೆ ಬೇಕು, ಇಷ್ಟನ್ನೂ ಅಳುವವರ ಬಾಯಿಂದ ಕೇಳಿ ತೆಗೆಯುವ ಕಲೆ ಅವಳದು. ನಾನು, ಅಣ್ಣ ಖಾತೆ ತೆಗೆದು ತಾರೀಖು ಕೂಡಿಸುತ್ತಿದ್ದೆವು. ಊರಿನಲ್ಲಿ ಅಪ್ಪನಿಗೆ ಶಾಲು ಹೊದೆಸಿದ ಫೋಟೊಗಳಿವೆ, ಅಮ್ಮನದೊಂದೂ ಇಲ್ಲ. ನನಗೆ ಸಿಟ್ಟು ಬರುವುದಿದ್ದರೆ ಇದಕ್ಕೇ. 'ಸಮಾಜ ಸೇವಕ' ಎಂದು ಬ್ಯಾನರಿನಲ್ಲಿ ಬರೆಯುವಾಗ ಒಬ್ಬನ ಹೆಸರೇ ಯಾಕೆ ಸಾಕಾಗುತ್ತದೋ!

ಜಗಳ ಇರಲಿಲ್ಲ ಎಂದೇನಲ್ಲ. ಹಲಸಿನ ಹಪ್ಪಳ ಮಾಡುವ ದಿನ ಅಪ್ಪನದು ಒತ್ತುವ ಕೆಲಸ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತಿ, ಹಾಳೆ ಸಿಪ್ಪೆಯಂತೆ ಬಿಡಿಸಿ ಚಾಪೆಗೆ ಹಾಕುವುದು. ಅವನ ಹಪ್ಪಳದ ಅಂಚು ಎಲ್ಲಿಯೂ ಸೀಳುತ್ತಿರಲಿಲ್ಲ. ಅಂಥ ಒಂದು ದಿನ ಫೋನು ಬಂತೆಂದರೆ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಹೋಗುವನು. ಬಿಸಿಲು ಇಳಿಯುವವರೆಗೆ ಅಮ್ಮನ ಗೊಣಗಾಟ. ಆದರೆ ವಾಪಸ್ ಬಂದು ಉಳಿದ ಹಿಟ್ಟನ್ನು ರಾತ್ರಿ ಒತ್ತಿ ಮುಗಿಸಿಯೇ ಮಲಗುವನು. ಮನೆಯ ಕೆಲಸ ಬಾಕಿ ಉಳಿಸಬಾರದು ಎಂಬುದೂ ಅವನಿಗೆ ಮಂಡಿಯ ಅಭ್ಯಾಸವೇ.

ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ನಾವೆಲ್ಲ ಮಜ್ಜಿಗೆ ಹಂಚಲು ನಿಲ್ಲುತ್ತಿದ್ದೆವು. ಅದನ್ನು ಸೇವೆ ಎಂದು ನಾನು ಕರೆಯಲಾರೆ, ಜಾತ್ರೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ನಿಯಮದ ವಿಷಯದಲ್ಲಿ ಮಾತ್ರ ಅಪ್ಪ ಮಹಾ ಹಟಮಾರಿ. ಮೂರು ತಿಂಗಳು ತುಂಬದವನು "ನಂಗೇನೂ ಆಗಲ್ಲ ಮಾವ" ಎಂದು ಎಷ್ಟು ಗೋಗರೆದರೂ ಕಳಿಸುತ್ತಿರಲಿಲ್ಲ. 45 ಕಿಲೋ ತೂಗದ ಕಾಲೇಜು ಹುಡುಗಿಯರಿಗೆ ಬೈದು ಬಾಳೆಹಣ್ಣು ಕೊಡುತ್ತಿದ್ದ. 65 ದಾಟಿದ ಮೇಲೆ ಕೊಡುವ ಹಾಗಿಲ್ಲ ಎಂಬ ನಿಯಮ ತನಗೇ ಬಂದಾಗ, ತನ್ನ ಪುಟಕ್ಕೆ ತಾನೇ ಅಡ್ಡಗೆರೆ ಎಳೆದು 'ಖಾತೆ ಮುಕ್ತಾಯ' ಎಂದು ಬರೆದ.

ಆದರೆ ಫೋನು ಬಿಡಲಿಲ್ಲ. 2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಬ್ಬಿದಾಗ ಅವನು ಮತ್ತೆ ಟ್ರಂಕಿನ ಮೇಲೆ ಕೂತ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕಿದ, ಉಣುಗು ಕಚ್ಚಿ ಬರುವ ಜ್ವರ ಅದು. ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕುಸಿಯುತ್ತದೆ. ಕೆಂಪು ಕಣವನ್ನು ತಿಂಗಳ ಮೇಲೂ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಕೂಡಿಟ್ಟುಕೊಳ್ಳಲು ಬರುವುದಿಲ್ಲ, ಜನರೇ ಹೋಗಬೇಕು. ಹುಲಿಕಲ್ ಘಾಟಿ ಇಳಿದು ರೋಗಿಗಳಿದ್ದ ಮಣಿಪಾಲದ ಆಸ್ಪತ್ರೆಗೆ ಹೋಗುವ ಹುಡುಗರಿಗೆ ಅಪ್ಪ ಮನೆಯಿಂದಲೇ ಸರದಿ ಹಾಕಿಕೊಟ್ಟ. ತೋಟಕ್ಕೆ, ಕಾಡಿನ ಒಣ ಎಲೆ ದರಗಿಗೆ ಹೊರಟವರನ್ನು ನಿಲ್ಲಿಸಿ ಕೈಕಾಲಿಗೆ ಉಣುಗು ಹತ್ತದಂತೆ ಡಿಎಂಪಿ ಎಣ್ಣೆ ಹಚ್ಚಿಕೊಂಡಿರೋ ಇಲ್ಲವೋ ಎಂದು ವಿಚಾರಿಸುವುದು ಬೇರೆ.

ಅವನು ಹೋದದ್ದು ಮನೆಯಲ್ಲೇ, ಬೆಳಗಿನ ಜಾವ. 2006ರಲ್ಲಿ ರಾಜ್‌ಕುಮಾರ್ ಕಣ್ಣು ಕೊಟ್ಟ ಸುದ್ದಿ ಓದಿದ ವಾರವೇ ಅವನೂ ಅರ್ಜಿ ತುಂಬಿದ್ದ. ಆದರೆ ಅರ್ಜಿ ತುಂಬಿದರೆ ಸಾಲದು, ಮನೆಯವರು ಒಪ್ಪಿ ಫೋನ್ ಮಾಡಬೇಕು, ಅದೂ ಬೇಗ. ಆರು ಗಂಟೆಯ ಒಳಗೆ ತೆಗೆಯಬೇಕಲ್ಲ. ದೊಡ್ಡಪ್ಪ "ಇದೆಲ್ಲ ಈಗ ಬ್ಯಾಡ" ಎಂದರು. ಅಮ್ಮ ಅವರಿಗೆ ಉತ್ತರ ಕೊಡಲಿಲ್ಲ. ಫ್ಯಾನ್ ಆರಿಸಿದಳು, ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟಳು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಹಾಕಿದಳು, ಆಮೇಲೆ ನನ್ನ ಕೈಗೆ ಫೋನ್ ಕೊಟ್ಟಳು. ಶಿವಮೊಗ್ಗದಿಂದ ಬಂದವರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಅವರು ಬಳಸುವುದು ಕಣ್ಣಿನ ಮುಂದಿನ ಪಾರದರ್ಶಕ ಪೊರೆ ಅಷ್ಟೆ. ಮುಖ ಇದ್ದ ಹಾಗೇ ಇತ್ತು. ದೊಡ್ಡಪ್ಪ ಬಂದು ನೋಡಿ, ಏನೂ ಹೇಳದೆ ಹೊರಗೆ ಹೋಗಿ ಕೂತರು.

ಹಾಗಾಗಿ ಪುರುಸೊತ್ತು ಎಲ್ಲಿರ್ತಿತ್ತು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಆ ಪುರುಸೊತ್ತಿನ ಅರ್ಧ ಅಮ್ಮನದು. ಆ ಪ್ರಶ್ನೆಯನ್ನು ಅವಳನ್ನೇ ಕೇಳಿ. ಮನೆಯ ನಂಬರ್ ಅದೇ ಇದೆ, ಎತ್ತುವವಳೂ ಅವಳೇ. ಈಗ ಅವಳಿಗಿರುವ ದೊಡ್ಡ ತಲೆನೋವು ವಾಟ್ಸ್‌ಆ್ಯಪ್. 'ತುರ್ತಾಗಿ ಓ ನೆಗೆಟಿವ್ ಬೇಕಾಗಿದೆ' ಎಂಬ ಸಂದೇಶ ತಾರೀಖಿಲ್ಲದೆ ವರ್ಷಗಟ್ಟಲೆ ಸುತ್ತುತ್ತಿರುತ್ತದೆ, ಆ ಮಗು ಗುಣವಾಗಿ ಶಾಲೆಗೆ ಹೋಗುತ್ತಿದ್ದರೂ. "ಕಳ್ಸೋಕೆ ಮೊದ್ಲು ಆ ನಂಬರಿಗೆ ಒಂದ್ಸಲ ಫೋನ್ ಮಾಡಿ ಕೇಳೋಕೆ ಎಂತ ಕಷ್ಟ ಇವ್ರಿಗೆ?" ಎಂದು ನನ್ನ ಮೇಲೆ ರೇಗುತ್ತಾಳೆ. ಓದುವವರಲ್ಲಿ ಯಾರಾದರೂ ಇವತ್ತು ಬೆಳಿಗ್ಗೆ ಅಂಥದ್ದೊಂದನ್ನು ಕಳಿಸಿದ್ದರೆ, ಅದು ನಿಮಗೂ ಸೇರಿ ಹೇಳಿದ್ದು.