ಅಡ್ಡಡ್ಡ ಓಡುವ ವಿದ್ಯೆ: ಎಬಿಸು ಸರ್ಕ್ಯೂಟ್‌ಗೆ ಒಂದು ಪ್ರವಾಸ

ಟೋಕಿಯೊ ನಿಲ್ದಾಣದಿಂದ ಉತ್ತರಕ್ಕೆ ಹೊರಟ ತೊಹೊಕು ಶಿಂಕನ್‌ಸೆನ್ ರೈಲು ಸುಮಾರು ಎಂಬತ್ತು ನಿಮಿಷಗಳಲ್ಲಿ ಕೊರಿಯಾಮಾ ತಲುಪುತ್ತದೆ. ಅಲ್ಲಿ ಇಳಿದು ಸಾಮಾನ್ಯ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ನಿಹೊನ್‌ಮತ್ಸು ಸಿಗುತ್ತದೆ. ಫುಕುಶಿಮಾ ಪ್ರಾಂತ್ಯದ ಈ ಸಣ್ಣ ಊರಿಗೆ ಜನರು ಬರುವುದು ಸಾಮಾನ್ಯವಾಗಿ 1,700 ಮೀಟರ್ ಎತ್ತರದ ಅದತಾರಾ ಜ್ವಾಲಾಮುಖಿ ಪರ್ವತವನ್ನು ಹತ್ತಲು, ಅದರ ತಪ್ಪಲಿನ ಬಿಸಿನೀರಿನ ಬುಗ್ಗೆಗಳಲ್ಲಿ ದಣಿವಾರಿಸಿಕೊಳ್ಳಲು, ಇಲ್ಲವೇ ಹಳೆಯ ಕೋಟೆಯನ್ನು ನೋಡಲು. ನಾನು ಹೋಗಿದ್ದು ಊರಿನಿಂದಾಚೆ ಗುಡ್ಡಗಳ ನಡುವೆ ಇರುವ ಎಬಿಸು ಸರ್ಕ್ಯೂಟ್‌ಗೆ. ಹಿಂಚಕ್ರಗಳಿಂದ ಓಡುವ ಕಾರನ್ನು ಬೇಕೆಂದೇ ಜಾರಿಸಿ, ಆ ಜಾರಿಕೆಯನ್ನು ಇಡೀ ತಿರುವಿನುದ್ದಕ್ಕೂ ಅಂಕೆಯಲ್ಲಿಟ್ಟು ನಡೆಸುವ ಡ್ರಿಫ್ಟಿಂಗ್ ವಿದ್ಯೆಯನ್ನು ಕಲಿಯುವುದಕ್ಕೆ.

ಸರ್ಕ್ಯೂಟ್‌ಗೆ ಹೋಗುವ ದಾರಿ ತೊಹೊಕು ಸಫಾರಿ ಪಾರ್ಕ್‌ಗೂ ಹೋಗುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಸಿಂಹ, ಜಿರಾಫೆಗಳ ಚಿತ್ರವಿರುವ ಫಲಕಗಳನ್ನು ದಾಟಿ ಮಕ್ಕಳನ್ನು ತುಂಬಿಕೊಂಡ ವ್ಯಾನುಗಳು ಒಂದು ಕಡೆಗೆ ತಿರುಗಿದರೆ, ಹಿಂದಿನ ಸೀಟಿನ ಜಾಗದಲ್ಲಿ ಟೈರುಗಳನ್ನು ಪೇರಿಸಿಕೊಂಡ ಹಳೆಯ ನಿಸ್ಸಾನ್‌ಗಳು ಇನ್ನೊಂದು ಕಡೆಗೆ ತಿರುಗುತ್ತವೆ. ಒಂದೇ ದೊಡ್ಡ ರೇಸ್ ಟ್ರ್ಯಾಕ್ ಇರುತ್ತದೆಂದು ಊಹಿಸಿ ಬಂದವರಿಗೆ ಇಲ್ಲಿನ ವ್ಯವಸ್ಥೆ ವಿಚಿತ್ರವೆನಿಸಬಹುದು. ಗುಡ್ಡದ ಏರಿಳಿತಕ್ಕೆ ತಕ್ಕಂತೆ ಹಲವು ಚಿಕ್ಕ ಟ್ರ್ಯಾಕ್‌ಗಳನ್ನು ಬೇರೆ ಬೇರೆ ಎತ್ತರಗಳಲ್ಲಿ ನಿರ್ಮಿಸಿದ್ದಾರೆ. ಕಿತಾ ಎಂದರೆ ಉತ್ತರದ್ದು, ಮಿನಾಮಿ ಎಂದರೆ ದಕ್ಷಿಣದ್ದು. ಇವಲ್ಲದೆ ಪೂರ್ವ, ಪಶ್ಚಿಮದ ಟ್ರ್ಯಾಕ್‌ಗಳು, ಘಟ್ಟದ ದಾರಿಯನ್ನು ಹೋಲುವ ತೊಗೆ ಮತ್ತು ಹೊಸಬರಿಗಾಗಿಯೇ ಇರುವ ಶಾಲಾ ಟ್ರ್ಯಾಕ್ ಇವೆ. ಮೇಲಿನ ಟ್ರ್ಯಾಕ್‌ನ ಅಂಚಿನಲ್ಲಿ ನಿಂತರೆ ಕೆಳಗಿನದರಲ್ಲಿ ಏಳುವ ಹೊಗೆ ಕಾಣಿಸುತ್ತದೆ. 2021ರ ಫೆಬ್ರವರಿ 13ರ ರಾತ್ರಿ ಫುಕುಶಿಮಾದ ಕರಾವಳಿಯಾಚೆ ಸಂಭವಿಸಿದ 7.3 ತೀವ್ರತೆಯ ಭೂಕಂಪದಲ್ಲಿ ಗುಡ್ಡದ ಮಣ್ಣು ಜರಿದು ಸರ್ಕ್ಯೂಟ್‌ನ ಒಂದು ಭಾಗದ ಮೇಲೆ ಬಿದ್ದಿತ್ತು. ಆ ದಿನಗಳಲ್ಲಿ ಪ್ರಕಟವಾದ ಚಿತ್ರಗಳನ್ನು ನೋಡಿದ್ದವರಿಗೆ ಇಲ್ಲಿ ಮತ್ತೆ ಕಾರುಗಳು ಓಡುತ್ತಿರುವುದೇ ದೊಡ್ಡ ಸಂಗತಿಯೆನಿಸುತ್ತದೆ.

ಈ ಜಾಗದ ಹೆಸರಿನೊಂದಿಗೆ ಸದಾ ಕೇಳಿಬರುವವರು ನೊಬುಶಿಗೆ ಕುಮಾಕುಬೊ. ಅವರು ಇದರ ಯಜಮಾನರಷ್ಟೇ ಅಲ್ಲ, ಜಪಾನಿನ ಪ್ರಮುಖ ಡ್ರಿಫ್ಟಿಂಗ್ ಸ್ಪರ್ಧೆಯಾದ ಡಿ1 ಗ್ರಾನ್ ಪ್ರಿಯ 2006ರ ಚಾಂಪಿಯನ್ ಕೂಡ. ಆ ವರ್ಷ ಅವರು ಓಡಿಸಿದ ಸುಬಾರು ಇಂಪ್ರೆಜಾ ಮೂಲತಃ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರು. ಮುಂದಿನ ಚಕ್ರಗಳ ಪಾಲನ್ನು ತೆಗೆದುಹಾಕಿ, ಎಲ್ಲ ಶಕ್ತಿಯನ್ನೂ ಹಿಂದಕ್ಕೆ ಕೊಟ್ಟ ಮೇಲೆಯೇ ಅದು ಈ ಕೆಲಸಕ್ಕೆ ಒದಗಿತು. ಮುಂದಿನ ಚಕ್ರಗಳು ದಾರಿ ತೋರಿಸಬೇಕು, ಹಿಂದಿನವು ತಳ್ಳಬೇಕು, ತಳ್ಳುತ್ತಲೇ ಹಿಡಿತ ಬಿಡಬೇಕು. ಡ್ರಿಫ್ಟಿಂಗ್‌ಗೆ ಹಿಂಚಕ್ರ ಚಾಲನೆ ಏಕೆ ಬೇಕೆಂಬ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಇದೆ.

ವಿದ್ಯೆಯ ಮೂಲವನ್ನು ಹುಡುಕಿದರೆ 1970ರ ದಶಕದ ರೇಸುಗಳಿಗೆ ಹೋಗಬೇಕಾಗುತ್ತದೆ. 1961ರಲ್ಲಿ ಮೋಟಾರ್‌ಸೈಕಲ್ ವಿಶ್ವ ಗ್ರಾನ್ ಪ್ರಿ ಸರಣಿಯ ರೇಸೊಂದನ್ನು ಗೆದ್ದ ಮೊದಲ ಜಪಾನೀಯರಾದ ಕುನಿಮಿತ್ಸು ತಕಹಾಶಿ ಮುಂದೆ ಕಾರು ರೇಸಿಗೆ ಬಂದಾಗ, ತಿರುವಿನ ಒಳಅಂಚನ್ನು ಮುಟ್ಟುವ ಮೊದಲೇ ಕಾರನ್ನು ಅಡ್ಡಲಾಗಿಸಿ ನುಗ್ಗುವ ಶೈಲಿಯಿಂದ ಪ್ರೇಕ್ಷಕರನ್ನು ಸೆಳೆದರು. ಅದನ್ನು ಕಂಡು ಬೆರಗಾದವರಲ್ಲಿ ಕೆಯಿಚಿ ತ್ಸುಚಿಯಾ ಒಬ್ಬರು. ಅವರು ಆ ಶೈಲಿಯನ್ನು ಘಟ್ಟದ ರಸ್ತೆಗಳಲ್ಲಿ ರಾತ್ರಿ ಹೊತ್ತು ರೂಢಿಸಿಕೊಂಡು, 1.6 ಲೀಟರ್ ಎಂಜಿನ್ನಿನ, ಒಂದು ಟನ್ನಿಗೂ ಕಡಿಮೆ ತೂಕದ ಟೊಯೊಟಾ ಎಇ86 ಕಾರಿನೊಂದಿಗೆ ಡ್ರಿಫ್ಟ್ ಕಿಂಗ್ ಎಂದೇ ಪ್ರಸಿದ್ಧರಾದರು. ಘಟ್ಟದ ರಸ್ತೆಗಳಲ್ಲಿ ಈಗ ಅದಕ್ಕೆ ಆಸ್ಪದವಿಲ್ಲ. ಕಾನೂನು ಬಿಗಿಯಾಗಿದೆ; ಹೆಸರಾದ ತಿರುವುಗಳಲ್ಲಿ ಕಾರು ಜಾರದಂತೆ ರಸ್ತೆಯ ಮೇಲೆಯೇ ಉಬ್ಬುಪಟ್ಟಿಗಳನ್ನು ಹಾಕಿದ್ದಾರೆ. ಅದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಗಿರಕಿ ಹೊಡೆದ ಕಾರು ಎಲ್ಲಿಗೆ ಹೋಗುತ್ತದೆಂಬುದನ್ನು ಒಮ್ಮೆ ಕಂಡವರು ಎದುರಿನಿಂದ ವಾಹನ ಬರುವ ರಸ್ತೆಯಲ್ಲಿ ಇದನ್ನು ಮಾಡಲು ಹೊರಡಲಾರರು.

ನನಗೆ ಕೊಟ್ಟಿದ್ದು ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸಾಧನ, ಇಲ್ಲದ ನಿಸ್ಸಾನ್ ಸಿಲ್ವಿಯಾ ಎಸ್13. 1988ರಲ್ಲಿ ಮಾರುಕಟ್ಟೆಗೆ ಬಂದಾಗ ಯುವಕ ಯುವತಿಯರು ಸುತ್ತಾಡಲು ಕೊಳ್ಳುತ್ತಿದ್ದ ನಾಜೂಕಿನ ಕಾರು ಅದು. ಈಗ ಅದರೊಳಗೆ ನೆಲಹಾಸು ಇಲ್ಲ, ಹಿಂದಿನ ಸೀಟು ಇಲ್ಲ. ಒಡೆದ ಮುಂದಿನ ಬಂಪರಿನ ಎರಡು ತುಂಡುಗಳಿಗೂ ಅಂಚಿನಲ್ಲಿ ಸಾಲಾಗಿ ರಂಧ್ರ ಕೊರೆದು, ಪ್ಲಾಸ್ಟಿಕ್ ಟೈಗಳಿಂದ ಹೊಲಿದಂತೆ ಬಿಗಿದಿದ್ದರು. ಹಿಂದಿನ ಚಕ್ರದ ಕಮಾನಿನ ಒಳಗೆಲ್ಲ ಕರಗಿದ ರಬ್ಬರಿನ ಚೂರುಗಳು ಕೂತಿದ್ದವು. ಮುಖ್ಯವಾದ ಬದಲಾವಣೆಗಳು ಕಣ್ಣಿಗೆ ಕಾಣದ ಕಡೆ ಇದ್ದವು. ಎಂಜಿನ್ನಿನ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಹಿಡಿತ ಕಳೆದುಕೊಂಡ ಒಂದು ಚಕ್ರ ಸುಮ್ಮನೆ ಸುತ್ತುತ್ತಾ ಶಕ್ತಿಯನ್ನೆಲ್ಲ ಪೋಲು ಮಾಡಿಬಿಡುತ್ತದೆ. ಎರಡೂ ಹಿಂಚಕ್ರಗಳು ಒಟ್ಟಿಗೆ ಜಾರಬೇಕೆಂದರೆ, ಅವುಗಳ ವೇಗದ ವ್ಯತ್ಯಾಸಕ್ಕೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬೇಕು. ಹ್ಯಾಂಡ್ ಬ್ರೇಕಿನ ತುದಿಯ ಗುಂಡಿಯನ್ನೂ ಬದಲಿಸಿದ್ದರು. ಮಾಮೂಲಿ ಕಾರಿನಲ್ಲಿ ಎಳೆದರೆ ಹಲ್ಲಿಗೆ ಸಿಕ್ಕಿ ನಿಂತುಬಿಡುವ ಲಿವರ್ ಇಲ್ಲಿ ಕೈ ಸಡಿಲಿಸಿದೊಡನೆ ಕೆಳಗಿಳಿಯುತ್ತದೆ. ಜಪಾನಿನಲ್ಲಿಯೂ ಸ್ಟೀರಿಂಗ್ ಬಲಗಡೆಗೇ ಇರುವುದರಿಂದ ಗೇರಿಗೂ ಹ್ಯಾಂಡ್ ಬ್ರೇಕಿಗೂ ಎಡಗೈಯನ್ನೇ ಬಳಸುವ ನಮ್ಮವರಿಗೆ ಹೊಸದಾಗಿ ಒಗ್ಗಿಸಿಕೊಳ್ಳಬೇಕಾದದ್ದೇನೂ ಇರುವುದಿಲ್ಲ.

ಮೊದಲ ಪಾಠ ಟ್ರ್ಯಾಕ್‌ನಲ್ಲಿ ಅಲ್ಲ, ನೀರು ಚಿಮುಕಿಸಿದ ಬಯಲು ಡಾಂಬರಿನ ಮೇಲೆ. ಒದ್ದೆ ನೆಲದಲ್ಲಿ ಟೈರು ಕಡಿಮೆ ವೇಗದಲ್ಲೇ ಹಿಡಿತ ಬಿಡುತ್ತದೆ, ಸವೆಯುವುದೂ ಕಡಿಮೆ, ಏನಾದರೂ ತಪ್ಪಿದರೆ ಯೋಚಿಸಲು ಸಮಯವೂ ಸಿಗುತ್ತದೆ. ನಡುವೆ ಒಂದು ಕಿತ್ತಳೆ ಬಣ್ಣದ ಕೋನ್ ಇಟ್ಟು ಅದರ ಸುತ್ತ ಜಾರುತ್ತಲೇ ಸುತ್ತು ಹಾಕಬೇಕು. ಮೊದಲ ಗೇರಿನಲ್ಲಿ ಸ್ಟೀರಿಂಗ್ ಅನ್ನು ಒಳಕ್ಕೆ ತಿರುಗಿಸಿ, ಎಂಜಿನ್ನಿನ ವೇಗ ಏರಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಹಿಂಭಾಗ ಹೊರಕ್ಕೆ ಚಿಮ್ಮುತ್ತದೆ. ಇಷ್ಟು ಯಾರಿಗೂ ಬರುತ್ತದೆ. ಆ ಕ್ಷಣದಲ್ಲಿ ಗಾಬರಿಯಿಂದ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ ಟೈರು ಮತ್ತೆ ನೆಲ ಕಚ್ಚಿ ಜಾರಿಕೆ ಅಲ್ಲಿಗೇ ಸಾಯುತ್ತದೆ, ಇನ್ನಷ್ಟು ಒತ್ತಿದರೆ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಿ ಕಾರು ಗಿರಕಿ ಹೊಡೆಯುತ್ತದೆ. ಇವೆರಡರ ನಡುವಿನ ಪೆಡಲಿನ ಚಲನೆ ಬಹಳ ಕಿರಿದು. ಅದನ್ನು ಅಂಗಾಲು ಕಂಡುಕೊಳ್ಳುವವರೆಗೆ ಬೇರೆ ಯಾವ ಪಾಠವೂ ಮುಂದುವರಿಯುವುದಿಲ್ಲ.

ಇದರ ಹಿಂದಿನ ಕಾರಣ ಸರಳವಾದದ್ದು. ಒಂದು ಟೈರಿಗೆ ಇರುವ ಹಿಡಿತ ಒಂದು ಮಿತಿಯದ್ದು. ಕಾರನ್ನು ಮುಂದಕ್ಕೆ ತಳ್ಳಲು ಅದರ ದೊಡ್ಡ ಪಾಲನ್ನು ವ್ಯಯಿಸಿದರೆ, ಕಾರು ಪಕ್ಕಕ್ಕೆ ಸರಿಯದಂತೆ ತಡೆಯಲು ಉಳಿಯುವುದು ಸ್ವಲ್ಪ. ಆದ್ದರಿಂದ ಹಿಂಚಕ್ರ ಚಾಲನೆಯ ಕಾರಿನಲ್ಲಿ ಬಲಗಾಲು ವೇಗವನ್ನಷ್ಟೇ ಅಲ್ಲ, ಹಿಂಭಾಗ ಎಷ್ಟು ಹೊರಕ್ಕೆ ಹೋಗಬೇಕೆಂಬುದನ್ನೂ ನಿರ್ಧರಿಸುತ್ತದೆ. ಹೊರಗಿನಿಂದ ನೋಡುವವರಿಗೆ ಎದ್ದು ಕಾಣುವುದು ಎದುರು ದಿಕ್ಕಿಗೆ ತಿರುಗಿದ ಮುಂದಿನ ಚಕ್ರಗಳು. ಚಾಲಕ ಮಹಾ ಚಾಕಚಕ್ಯತೆಯಿಂದ ಸ್ಟೀರಿಂಗ್ ಎಳೆಯುತ್ತಿದ್ದಾನೆಂದು ಅವರಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಮುಂದಿನ ಚಕ್ರಗಳ ಜೋಡಣೆಯಲ್ಲಿರುವ ಓರೆಯಿಂದಾಗಿ, ಕಾರು ಸಾಗುತ್ತಿರುವ ದಿಕ್ಕಿಗೆ ಅವು ತಾವಾಗಿಯೇ ಹೊರಳುತ್ತವೆ. ಅಂಗೈಯನ್ನು ಸಡಿಲಿಸಿ ಸ್ಟೀರಿಂಗ್ ಓಡಲು ಬಿಟ್ಟು, ತಕ್ಕ ಹೊತ್ತಿಗೆ ಹಿಡಿದರೆ ಸಾಕು. ನನಗೆ ಕಲಿಸಿದ ಗುರುಗಳು ಇದನ್ನು ತೋರಿಸಲು ಕಾರು ಜಾರುತ್ತಿರುವಾಗಲೇ ಎರಡೂ ಕೈಗಳನ್ನು ಮೇಲೆತ್ತಿಬಿಟ್ಟರು. ಸ್ಟೀರಿಂಗ್ ಸರ್ರನೆ ಸುತ್ತಿ, ಬೇಕಾದಲ್ಲಿಗೆ ಬಂದು ನಿಂತಿತು.

ಗುರುಗಳ ಮಾತು ಬಹಳ ಕಡಿಮೆ. ಪಕ್ಕದ ಸೀಟಿನಲ್ಲಿ ಕುಳಿತು ಅವರು ಹೆಚ್ಚಾಗಿ ಹೇಳುತ್ತಿದ್ದದ್ದು ಕಣ್ಣಿನ ಬಗ್ಗೆ. ಬಾನೆಟ್ಟಿನ ಮೇಲಿಂದ ನೇರಕ್ಕೆ ನೋಡಿದರೆ ಕಾರು ಹೋಗದ ಕಡೆಗೆ ನೋಡಿದಂತಾಗುತ್ತದೆ. ಜಾರುವಾಗ ಮುಂದಿನ ಗಾಜಿಗಿಂತ ಪಕ್ಕದ ಕಿಟಕಿಯೇ ದಾರಿಯನ್ನು ತೋರಿಸುತ್ತದೆ. ಕೋನನ್ನು ದಿಟ್ಟಿಸಿದವರು ಕೋನಿನ ಮೇಲೆಯೇ ಕಾರು ಹತ್ತಿಸುತ್ತಾರೆ. ಗಿರಕಿ ಶುರುವಾಗಿ ಇನ್ನು ತಡೆಯಲಾಗದು ಎನ್ನಿಸಿದರೆ ಕ್ಲಚ್ಚು, ಬ್ರೇಕು ಎರಡನ್ನೂ ತುಳಿದು ನಿಂತುಬಿಡಬೇಕೆಂಬುದು ಅವರ ಇನ್ನೊಂದು ನಿಯಮ. ಹಾಗೆ ಮಾಡಿದರೆ ಎಂಜಿನ್ ಆರುವುದಿಲ್ಲ, ಕಾರು ಎತ್ತ ಸರಿಯುತ್ತದೆಂದು ಹಿಂದೆ ಬರುವವರೂ ಊಹಿಸಬಲ್ಲರು.

ಸುತ್ತು ಕೈಗೆ ಹತ್ತಿದ ಮೇಲೆ ಎರಡು ಕೋನ್‌ಗಳ ನಡುವೆ ಎಂಟರ ಆಕಾರ. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಕಠಿಣವೆನಿಸಿದ್ದು, ಅತ್ಯಂತ ಹೆಚ್ಚು ಕಲಿಸಿದ್ದೂ ಇದೇ. ಒಂದು ಸುತ್ತಿನ ಕೊನೆಯಲ್ಲಿ ಆಕ್ಸಿಲರೇಟರನ್ನು ಸಡಿಲಿಸಿದರೆ ಭಾರ ಮುಂದಕ್ಕೆ ಬರುತ್ತದೆ, ಹಿಂಚಕ್ರಗಳಿಗೆ ಹಿಡಿತ ಮರಳುತ್ತದೆ, ಅದುವರೆಗೆ ಒಂದು ಕಡೆಗೆ ವಾಲಿದ್ದ ಕಾರು ಉಯ್ಯಾಲೆಯಂತೆ ಇನ್ನೊಂದು ಕಡೆಗೆ ತೂಗುತ್ತದೆ. ಆ ತೂಗಾಟ ನಡುವೆ ಬಂದಾಗಲೇ ಸ್ಟೀರಿಂಗ್ ಇನ್ನೊಂದು ತುದಿಯತ್ತ ಓಡಿರಬೇಕು, ಆಕ್ಸಿಲರೇಟರ್ ಮತ್ತೆ ಕೆಳಗಿಳಿದಿರಬೇಕು. ಹಿಂಭಾಗ ಹೊರಕ್ಕೆ ಹೋದ ಮೇಲೆ ಕೈ ಓಡಿಸುವವರು ಯಾವಾಗಲೂ ತಡ. ಮುಂಚಕ್ರ ಚಾಲನೆಯ ಕಾರುಗಳಲ್ಲಿ ವರ್ಷಗಟ್ಟಲೆ ಓಡಾಡಿದ ಕಾಲಿಗೆ ಭಯವಾದಾಗ ಪೆಡಲು ಬಿಡುವ ಅಭ್ಯಾಸ ಆಳವಾಗಿ ಇಳಿದಿರುತ್ತದೆ. ಅಲ್ಲಿ ಅದು ಬಹುತೇಕ ಕಾಪಾಡುತ್ತದೆ, ಇಲ್ಲಿ ಅದೇ ಕಾರನ್ನು ಎದುರು ಬದಿಗೆ ಎಸೆಯುತ್ತದೆ.

ಜಾರಿಕೆಯನ್ನು ಆರಂಭಿಸುವ ಬಗೆಗಳ ಬಗ್ಗೆ ಎಲ್ಲರೂ ಉತ್ಸಾಹದಿಂದ ಮಾತನಾಡುತ್ತಾರೆ. ಶಾಲಾ ಟ್ರ್ಯಾಕ್‌ಗೆ ಬಂದಾಗ ಅವುಗಳನ್ನೂ ಹೇಳಿಕೊಟ್ಟರು. ಕ್ಲಚ್ ತುಳಿದು ಹ್ಯಾಂಡ್ ಬ್ರೇಕನ್ನು ಒಮ್ಮೆ ಎಳೆದು ಬಿಡುವುದು ಎಲ್ಲಕ್ಕಿಂತ ಸುಲಭದ್ದು. ಎಂಜಿನ್ನಿನ ವೇಗ ಕುಸಿಯದಂತೆ ಆಕ್ಸಿಲರೇಟರ್ ಒತ್ತಿಕೊಂಡೇ ಕ್ಲಚ್ಚನ್ನು ಒದ್ದು ಬಿಡುವುದು ಕಡಿಮೆ ಶಕ್ತಿಯ ಕಾರುಗಳಿಗೆ ಅನಿವಾರ್ಯ, ಕ್ಲಚ್ ಪ್ಲೇಟಿಗೆ ಮಾತ್ರ ಶಿಕ್ಷೆ. ತಿರುವಿಗೆ ಮೊದಲು ಕಾರನ್ನು ಒಮ್ಮೆ ವಿರುದ್ಧ ದಿಕ್ಕಿಗೆ ವಾಲಿಸಿ, ಭಾರವನ್ನು ಆಚೆಯಿಂದ ಈಚೆಗೆ ಬೀಸಿ ಒಳನುಗ್ಗುವ ಫೇಂಟ್ ಎಂಬುದು ನೋಡಲು ಚೆಂದ, ಕಲಿಯಲು ನಿಧಾನ. ಆದರೆ ಆರಂಭಿಸಿದ್ದನ್ನು ಮುಗಿಸುವುದರ ಬಗ್ಗೆ ಮಾತನಾಡುವವರು ಕಡಿಮೆ. ಗುರುಗಳು ಹೆಚ್ಚು ಹೊತ್ತು ತಿದ್ದಿದ್ದು ಅದನ್ನೇ. ತಿರುವು ಮುಗಿಯುತ್ತಿದ್ದಂತೆ ಪೆಡಲನ್ನು ಮೆಲ್ಲನೆ ಸಡಿಲಿಸುತ್ತಾ, ಹಿಂಭಾಗ ಎಷ್ಟು ಮರಳುತ್ತದೋ ಅಷ್ಟಷ್ಟೇ ಸ್ಟೀರಿಂಗನ್ನೂ ನೇರಕ್ಕೆ ತರಬೇಕು. ಹಿಂಚಕ್ರಗಳು ಹಿಡಿತ ಪಡೆದಾಗಲೂ ಮುಂದಿನ ಚಕ್ರಗಳು ಓರೆಯಾಗಿಯೇ ಉಳಿದಿದ್ದರೆ ಕಾರು ಕ್ಷಣಾರ್ಧದಲ್ಲಿ ಆ ಓರೆಯ ಕಡೆಗೆ ಹಾರುತ್ತದೆ. ಶಾಲಾ ಟ್ರ್ಯಾಕ್‌ನ ಬದಿಯ ಹುಲ್ಲಿನಲ್ಲಿ ಬಿದ್ದಿದ್ದ ಟೈರಿನ ಗುರುತುಗಳಲ್ಲಿ ಹಲವು ತಿರುವಿನೊಳಗೆ ಹುಟ್ಟಿದವಲ್ಲ, ತಿರುವು ಮುಗಿದ ಮೇಲಿನ ನೇರ ದಾರಿಯಲ್ಲಿ ಹುಟ್ಟಿದವು.

ಮಧ್ಯಾಹ್ನದ ವಿರಾಮದಲ್ಲಿ ಗುರುಗಳು ತಮ್ಮ ಕಾರಿನಲ್ಲಿ ನನ್ನನ್ನು ಮಿನಾಮಿಗೆ ಕರೆದುಕೊಂಡು ಹೋದರು. ನೆಲದ ಉಬ್ಬಿನ ಮೇಲೆ ಅಡ್ಡಲಾಗಿ ಹಾರುವ ಕಾರುಗಳಿಂದಲೂ, ಹಿಂದಿನ ಬಂಪರಿಗೆ ತಾಗುವಷ್ಟು ಹತ್ತಿರದ ಗೋಡೆಯಿಂದಲೂ ಜಗತ್ತಿಗೆ ಪರಿಚಯವಾದ ಟ್ರ್ಯಾಕ್ ಅದು. ವೇಗದ ಬಗ್ಗೆ ಏನು ಹೇಳಿದರೂ ಉತ್ಪ್ರೇಕ್ಷೆಯಾಗಬಹುದು, ಆದ್ದರಿಂದ ಅವರ ಪಾದಗಳ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನ ಬಲಗಾಲು ಒತ್ತುವುದು ಇಲ್ಲವೇ ಬಿಡುವುದು ಎಂಬ ಎರಡೇ ಕೆಲಸ ಮಾಡುತ್ತಿತ್ತು. ಅವರ ಪಾದದ ಮುಂಭಾಗವಾದರೋ ಪೆಡಲಿನ ಮೇಲೆ ಒಂದೇ ಸಮನೆ ಸಣ್ಣಗೆ ಮಿಡಿಯುತ್ತಿತ್ತು; ಎಂಜಿನ್ನಿನ ಸ್ವರ ಒಂದು ಎತ್ತರದ ಸುತ್ತಲೇ ಏರಿಳಿಯುತ್ತಿತ್ತು. ಹೊಗೆ ಕಾರಿನೊಳಗೂ ನುಗ್ಗಿ ಗಂಟಲು ಕೆರೆಯಿತು. ಗೋಡೆ ನನ್ನ ಕಿಟಕಿಯ ಹೊರಗೆ ಹಿಮ್ಮುಖವಾಗಿ ಓಡುತ್ತಿದ್ದಾಗ ಅವರು ಅದರತ್ತ ತಲೆಯನ್ನೂ ತಿರುಗಿಸಲಿಲ್ಲ.

ಅನಂತರದ ಓಟಗಳಲ್ಲಿ ಶಾಲಾ ಟ್ರ್ಯಾಕ್‌ನ ಎರಡು ತಿರುವುಗಳನ್ನು, ನಡುವೆ ಹಿಡಿತಕ್ಕೆ ಮರಳದೆ, ಒಂದೇ ಜಾರಿಕೆಯಲ್ಲಿ ಜೋಡಿಸಲು ನನಗೆ ಸಾಧ್ಯವಾಯಿತು. ಎರಡನೇ ಗೇರಿನಲ್ಲಿ, ಸಾಧಾರಣ ವೇಗದಲ್ಲಿ. ಮೂರನೇ ಗೇರಿನ ಪ್ರವೇಶಕ್ಕೆ ಇನ್ನೂ ಕಾಲ ಬಂದಿಲ್ಲವೆಂದು ಗುರುಗಳು ಖಚಿತವಾಗಿ ಹೇಳಿದರು. ಹಿಂದಿನ ಟೈರುಗಳಲ್ಲಿ ಗೆರೆಗಳು ಅಳಿಸಿ, ಎಡಗಡೆಯದರ ಒಳಅಂಚಿನಲ್ಲಿ ಉಕ್ಕಿನ ತಂತಿಗಳು ಹೊರಬಂದಿದ್ದವು. ಜ್ಯಾಕ್ ಕೊಟ್ಟು ಹಳೆಯ ಟೈರುಗಳನ್ನೇ ಬದಲಿಗೆ ಹಾಕಿದರು. ಮುಂದಕ್ಕೆ ಮಾತ್ರ ಒಳ್ಳೆಯ ಟೈರು, ಹಿಂದಕ್ಕೆ ಸಿಕ್ಕಿದ್ದು ಎಂಬುದು ಅಲ್ಲಿನ ಎಲ್ಲರ ಲೆಕ್ಕಾಚಾರ.

ಹೋಗಬೇಕೆಂದಿರುವವರು ಒಂದೆರಡು ವಿಷಯ ಗಮನಿಸಬೇಕು. ಹಗಲು ರಾತ್ರಿ ಹಲವು ಟ್ರ್ಯಾಕ್‌ಗಳಲ್ಲಿ ಒಟ್ಟಿಗೆ ಕಾರುಗಳು ಓಡುವ ಡ್ರಿಫ್ಟ್ ಮತ್ಸುರಿ ಎಂಬ ಉತ್ಸವ ನಡೆಯುವಾಗ ಎಬಿಸು ನೋಡಲು ಅದ್ಭುತ, ಆದರೆ ಆರಂಭಿಕರು ಕಲಿಯಲು ಅದು ತಕ್ಕ ಸಮಯವಲ್ಲ. ಪ್ರತಿ ತಿರುವಿನಲ್ಲೂ ಹಿಂದೆ ಯಾರೋ ಇರುತ್ತಾರೆ. ಚಳಿಗಾಲದಲ್ಲಿ ಅದತಾರಾದ ಕಡೆಯಿಂದ ಹಿಮ ಬೀಳುತ್ತದೆ. ತೆಳು ಅಡಿಯ ಬೂಟು, ಉದ್ದ ತೋಳಿನ ಅಂಗಿ, ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು. ಕಾರು ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಟರ್ಬೊ ಇರುವುದರ ಆಸೆಗೆ ಬೀಳದೆ, ಶಕ್ತಿ ಕಡಿಮೆಯಿರುವುದನ್ನೇ ಕೇಳಿ ಪಡೆಯಬೇಕು. ಅದರಲ್ಲಿ ಪೆಡಲಿನ ಪ್ರತಿ ಚಲನೆಗೂ ಕಾರು ಕೊಡುವ ಉತ್ತರ ಸ್ಪಷ್ಟವಾಗಿ ತಿಳಿಯುತ್ತದೆ.