ಗೋಡೆ, ಅಗಳು, ರಾಗಿ ಕಣಜ: ರಾಜನಿಲ್ಲದ ಬುಕುಸು ಜನ ನೆಲ ಹಿಡಿದ ಬಗೆ

ಕೀನ್ಯಾದ ಎಲ್ಡೊರೆಟ್‌ನಿಂದ ಉಗಾಂಡಾ ಗಡಿಯ ಮಲಾಬಾ ಕಡೆ ಹೋಗುವ ಹೆದ್ದಾರಿಯಲ್ಲಿ ವೆಬುಯೆ ಎಂಬ ಪಟ್ಟಣ ಸಿಗುತ್ತದೆ. ಬಿರ್ಲಾ ಬಳಗದ ಪಾಲುದಾರಿಕೆಯಲ್ಲಿ 1970ರ ದಶಕದಲ್ಲಿ ಇಲ್ಲಿ ದೊಡ್ಡ ಕಾಗದ ಕಾರ್ಖಾನೆ ಎದ್ದಿತ್ತು. ಹಾಗಾಗಿ ಭಾರತದ ಕೆಲವು ಎಂಜಿನಿಯರುಗಳ ಮನೆಯಲ್ಲಿ ಈ ಹೆಸರು ಕೇಳಿದ್ದೀತು. ಆದರೆ ಇಲ್ಲಿಗೆ ಬರುವ ನಮ್ಮವರು ನೋಡಲೇಬೇಕಾದದ್ದು ಪಟ್ಟಣಕ್ಕೆ ಒತ್ತಿಕೊಂಡಿರುವ ಚೆತಾಂಬೆ ಗುಡ್ಡ. ಅದರ ಮೇಲೆ ಹಳೆಯ ಕೋಟೆಯೊಂದರ ಅಗಳಿನ, ಅಂದರೆ ಸುತ್ತಲಿನ ಕಂದಕದ, ಗುರುತು ಉಳಿದಿದೆ. ಕಲ್ಲಿನ ಬುರುಜು, ಹೆಬ್ಬಾಗಿಲು ಹುಡುಕಿದರೆ ಏನೂ ಸಿಗುವುದಿಲ್ಲ. ಮಣ್ಣು ಅಗೆದದ್ದು ಎಲ್ಲಿ, ಹಾಕಿದ್ದು ಎಲ್ಲಿ ಎಂದು ನೋಡಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಬುಕುಸು ಜನ ಪಶ್ಚಿಮ ಕೀನ್ಯಾದ ಲುಹ್ಯಾ ಸಮುದಾಯದ ಒಂದು ದೊಡ್ಡ ಕವಲು. 4,321 ಮೀಟರ್ ಎತ್ತರದ ಎಲ್ಗಾನ್ ಪರ್ವತದ ತೆಂಕಣ ತಪ್ಪಲು, ಅಂದರೆ ಇಂದಿನ ಬುಂಗೋಮಾ ಕೌಂಟಿ, ಇವರ ನೆಲೆ. 19ನೇ ಶತಮಾನದಲ್ಲಿ ಪಶ್ಚಿಮದಿಂದ ತೆಸೊ, ಬೆಟ್ಟದ ಕಡೆಯಿಂದ ಸಬಾವೊತ್, ಪೂರ್ವದ ಬಯಲಿನಿಂದ ಉಆಸಿನ್ ಗಿಶು ಮಸಾಯಿ, ಹೀಗೆ ಮೂರು ದಿಕ್ಕಿನಿಂದಲೂ ದನ ಹೊಡೆಯುವ ದಾಳಿ ನಡೆಯುತ್ತಿತ್ತು. ನೆರೆಯ ವಾಂಗಾ ಜನರಿಗೆ 'ನಬೊಂಗೊ' ಎಂಬ ರಾಜನಿದ್ದ. ಬುಕುಸುಗಳಿಗೆ ರಾಜನೂ ಇರಲಿಲ್ಲ, ಎಲ್ಲರ ಮೇಲೆ ಒಬ್ಬ ಎನ್ನುವ ದೊರೆತನವೂ ಇರಲಿಲ್ಲ. ಊರಿನ ಗಂಡಸರು ಸೇರಿ ಆರಿಸಿದ 'ಒಮುಕಾಸ'ನೇ ಅಲ್ಲಿನ ದೊಡ್ಡ ಅಧಿಕಾರ. ಬುಕುಸುಗಳಲ್ಲೂ ಬೆಡಗುಗಳಿವೆ; ನಮ್ಮಲ್ಲಿ ಒಂದೇ ಬೆಡಗಿನವರು ಹೆಣ್ಣು ಕೊಟ್ಟು ತರುವುದಿಲ್ಲವಲ್ಲ, ಇಲ್ಲಿಯೂ ಹಾಗೇ. ಒಮುಕಾಸ ಸಾಮಾನ್ಯವಾಗಿ ಊರಿನ ಮುಖ್ಯ ಬೆಡಗಿನವನು. ಅವನ ಮಾತು ನಡೆಯುತ್ತಿದ್ದದ್ದು ಅವನ ಗೋಡೆಯೊಳಗೆ ಜನ ಉಳಿದಷ್ಟು ದಿನ. ಅವನ ಬಗ್ಗೆ ಬೇಸತ್ತವರು ದನ ಹೊಡೆದುಕೊಂಡು ಇನ್ನೊಂದು ಕೋಟೆ ಸೇರಬಹುದಿತ್ತು. ಇಲ್ಲಿನ ನೆಲದ ಕಥೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ ಎಂದು ನನಗನಿಸುತ್ತದೆ.

ಕೋಟೆಗೆ ಇಲ್ಲಿ 'ಲುಕೋಬಾ' ಎನ್ನುತ್ತಾರೆ. ಕಟ್ಟುವ ಲೆಕ್ಕ ಸರಳ: ಸುತ್ತಲೂ ಅಗಳು ತೋಡಬೇಕು, ತೆಗೆದ ಮಣ್ಣನ್ನು ಒಳಬದಿಗೆ ಏರಿಸಿ ಗೋಡೆ ಮಾಡಬೇಕು. ಅಗಳು ಒಂದಾಳು ಆಳವಿದ್ದು ಗೋಡೆಯೂ ಒಂದಾಳು ಎತ್ತರವಿದ್ದರೆ, ಹೊರಗಿನವನು ಹತ್ತಬೇಕಾದದ್ದು ಎರಡಾಳು. ಒಳಗಿನವನು ಅದರಲ್ಲಿ ಅರ್ಧದಷ್ಟೇ ಗೋಡೆ ಎಬ್ಬಿಸಿರುತ್ತಾನೆ. ದಿಡ್ಡಿ ಬಾಗಿಲು ತಗ್ಗಿ ನುಗ್ಗುವಷ್ಟು ಕಿರಿದು. ರಾತ್ರಿ ಅದಕ್ಕೆ ಅಡ್ಡಲಾಗಿ ಮರದ ದಿಮ್ಮಿ. ಬಗ್ಗಿ ಬರುವವನಿಗೆ ಗುರಾಣಿ ಎತ್ತಲಾಗದು, ಈಟಿ ಬೀಸಲಾಗದು. ಒಬ್ಬೊಬ್ಬನಾಗಿ ಬರುವವರನ್ನು ನಾಲ್ಕಾರು ಜನ ತಡೆದಾರು. ಆದರೆ ದನವೂ ಅದೇ ಬಾಗಿಲಲ್ಲಿ ಹೋಗಿಬರಬೇಕು. ಬಾಗಿಲು ಅಗಲವಾದರೆ ಶತ್ರು ನುಗ್ಗುತ್ತಾನೆ, ಕಿರಿದಾದರೆ ಸಂಜೆ ಮೇವಿನಿಂದ ಬಂದ ಮಂದೆ ಹೊರಗೇ ಸಿಕ್ಕಿಬೀಳುತ್ತದೆ. 1883ರಲ್ಲಿ ಈ ಸೀಮೆಯನ್ನು ಹಾದುಹೋದ ಸ್ಕಾಟ್ಲೆಂಡಿನ ಅನ್ವೇಷಕ ಜೋಸೆಫ್ ಥಾಮ್ಸನ್ ಮಣ್ಣುಗೋಡೆಯ ಊರುಗಳನ್ನು ಕಂಡು ಬರೆದಿಟ್ಟಿದ್ದಾನೆ.

ಇಂಥ ಕೋಟೆ ಸೋಲುತ್ತಿದ್ದದ್ದು ಎಲ್ಲಿ? ಮೊದಲನೆಯದು ಮಳೆ. ವರ್ಷಕ್ಕೆ ಸುಮಾರು 1,500 ಮಿಲಿಮೀಟರ್ ಸುರಿಯುವ ಸೀಮೆಯಿದು. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಗೆ ಗೋಡೆ ಕರಗಿ ಅಗಳಿಗೇ ಇಳಿಯುತ್ತದೆ. ಹೂಳು ತೆಗೆದು ಮತ್ತೆ ಮೆತ್ತದಿದ್ದರೆ ಎರಡೂ ಒಟ್ಟಿಗೆ ಕೆಡುತ್ತವೆ. ಅದೇ ಸಮಯಕ್ಕೆ ಬಿತ್ತನೆಯೂ ಬರುವುದರಿಂದ ಹೊಲಕ್ಕೂ ಗೋಡೆಗೂ ಆಳು ಹಂಚುವುದು ಯಜಮಾನನ ನಿಜವಾದ ಪರೀಕ್ಷೆ. ಎರಡನೆಯದು ನೀರು. ಗುಡ್ಡದ ಮೇಲೆ ಕೋಟೆ ಕಟ್ಟಿದರೆ ತೊರೆ ಕೆಳಗೆ ಉಳಿಯುತ್ತದೆ, ಮುತ್ತಿಗೆ ಬಿದ್ದರೆ ಮೊದಲು ಖಾಲಿಯಾಗುವುದು ಕೊಡ. ಮೂರನೆಯದು ಬೆಂಕಿ: ಒತ್ತೊತ್ತಾಗಿ ಕಟ್ಟಿದ ಹುಲ್ಲಿನ ಮಾಡುಗಳು.

ಅನ್ನದ ಮಟ್ಟಿಗೆ ಮಾತ್ರ ಚಿಂತೆ ಕಡಿಮೆ, ಏಕೆಂದರೆ ಇವರ ಹಳೆಯ ಧಾನ್ಯ ನಮ್ಮ ರಾಗಿಯೇ. ಬುಕುಸು ಮಾತಿನಲ್ಲಿ ಅದು 'ಬುಲೊ'. ಅದರ ಹಿಟ್ಟು ತಿರುವಿ ಮಾಡುವ 'ಬುಸುಮಾ' ನಮ್ಮ ಮುದ್ದೆಯ ಹತ್ತಿರದ ನೆಂಟ. ರಾಗಿ ಮೊದಲು ಬೆಳೆಗೆ ಬಂದದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ. ಕರ್ನಾಟಕಕ್ಕೆ ಅದು ಬಂದದ್ದು ಆಮೇಲೆ. ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುವ ಗುಣ ನಮ್ಮ ರೈತರಿಗೆ ಹೇಳಬೇಕಿಲ್ಲ. ನಮ್ಮವರು ನೆಲದೊಳಗಿನ ಹಗೇವಿಗೆ ತುಂಬಿದರು, ಇಲ್ಲಿನವರು ನೆಲದಿಂದ ಮೇಲೆತ್ತಿ ಹೆಣೆದ ಕಣಜಕ್ಕೆ ತುಂಬಿ ಹುಲ್ಲಿನ ಮುಚ್ಚಳ ಇಟ್ಟರು. ತುಂಬಿದ ಕಣಜವಿದ್ದ ಒಮುಕಾಸನ ಬಳಿಗೆ ಬೇರೆ ಬೆಡಗಿನವರೂ ಆಸರೆ ಕೇಳಿ ಬರುತ್ತಿದ್ದರು.

ನೆಲ ಹಿಗ್ಗಿದ್ದೂ ಹೀಗೆಯೇ. ಗಡಿ ಗೆದ್ದು ಬಾವುಟ ನೆಡುವ ಯುದ್ಧ ಇದಲ್ಲ. ಮೊದಲು ಹುಡುಗರು ದನ ಹೊಡೆದುಕೊಂಡು ಹೊಸ ಹುಲ್ಲುಗಾವಲಿಗೆ ಹೋಗುತ್ತಾರೆ. ದಾಳಿ ಬರದೆ ಕಾಲ ಕಳೆದರೆ ಹೊಲ ಬರುತ್ತದೆ, ಆಮೇಲೆ ಅಗಳು, ಗೋಡೆ. ಗೋಡೆ ಎದ್ದ ಮೇಲೆ ಹಳೆಯ ಕೋಟೆಯಲ್ಲಿ ಇಕ್ಕಟ್ಟಾದವರು ಅಲ್ಲಿಗೆ ಒಕ್ಕಲಾಗುತ್ತಾರೆ. ತೆಸೊಗಳ ಒತ್ತಡ ಬಲವಾಗಿದ್ದ ಪಶ್ಚಿಮದಲ್ಲಿ ಇಷ್ಟು ಸಾಲಲಿಲ್ಲ. ಅಲ್ಲಿ ಚದುರಿದ ಕೋಟೆಗಳ ಗಂಡಸರನ್ನು ಒಟ್ಟುಗೂಡಿಸಿ ಹೋರಾಡಿಸಿದ ಮುಖಂಡನೆಂದು ಬುಕುಸುಗಳು ಇಂದಿಗೂ ನೆನೆಯುವುದು ಮುಕಿತೆ ವಾ ನಮೆಮೆಯನ್ನು. ಆಜ್ಞೆ ಮಾಡುವ ಹಕ್ಕಿಲ್ಲದವನು ಹಲವು ಬೆಡಗುಗಳನ್ನು ಒಂದು ದಂಡಾಗಿ ನಿಲ್ಲಿಸುವುದು ಗೋಡೆ ಕಟ್ಟಿದ್ದಕ್ಕಿಂತ ದೊಡ್ಡ ಕೆಲಸ. ಅವನ ಹೆಸರು ಉಳಿದದ್ದು ಅದಕ್ಕೇ. ಪೂರ್ವದಲ್ಲಿ ದಾರಿ ತೆರೆದದ್ದು ಬೇರೆ ಕಾರಣದಿಂದ. ಮಸಾಯಿಗಳ ಒಳಜಗಳದಲ್ಲಿ ಉಆಸಿನ್ ಗಿಶು ಪಂಗಡ ನುಚ್ಚುನೂರಾಯಿತು, ಬಯಲು ಸಡಿಲವಾಯಿತು.

ಕಾದಾಟ ಸಾಕೆನಿಸಿದಾಗ ರಾಜಿಗೂ ಕ್ರಮವಿತ್ತು. ನಾಯಿಯೊಂದನ್ನು ಒಂದು ಪಕ್ಷ ಮುಂಗಾಲು, ಇನ್ನೊಂದು ಪಕ್ಷ ಹಿಂಗಾಲು ಹಿಡಿದು ಎರಡು ತುಂಡು ಮಾಡುತ್ತಿದ್ದರು. ಮಾತು ಮುರಿದವನ ಗತಿ ಇದೇ ಎಂಬ ಆಣೆ. ಓದಲು ಕಷ್ಟವಾಗುತ್ತದೆ, ನಿಜ. ಆದರೆ ಬರಹದ ಕರಾರಿಲ್ಲದ ಕಡೆ ಎಲ್ಲರ ಕಣ್ಣೆದುರು ನಡೆದ ಇಂಥ ಆಣೆಯೇ ಕರಾರು.

1895ರಲ್ಲಿ ಬಂದ ಶತ್ರುವಿಗೆ ಈ ಯಾವ ಲೆಕ್ಕವೂ ಹೊಂದಲಿಲ್ಲ. ವಾಂಗಾ ನಾಡಿನ ಮುಮಿಯಾಸ್‌ನಲ್ಲಿದ್ದ ಬ್ರಿಟಿಷ್ ಠಾಣೆಯ ಸೂಡಾನಿ ಸಿಪಾಯಿಗಳಿಂದ ಬಂದೂಕುಗಳು ಬುಕುಸುಗಳ ಕೈಸೇರಿದ್ದವು. ಅವನ್ನು ವಾಪಸು ತರಲು ಹೋದ ತುಕಡಿ ಹತವಾಯಿತು. ಆ ವರ್ಷ ಬ್ರಿಟಿಷ್ ಅಧಿಕಾರಿ ಸಿ. ಡಬ್ಲ್ಯೂ. ಹೋಬ್ಲಿಯ ದಂಡು ಸೂಡಾನಿಗಳು, ಉಗಾಂಡಾದ ಬಗಾಂಡಾ ಜನರ ಪಡೆಯೊಂದಿಗೆ ಮೊದಲು ಲುಂಬೊಕಾ, ಆಮೇಲೆ ಚೆತಾಂಬೆ ಕೋಟೆಯ ಮೇಲೆ ಬಿತ್ತು. ಈಟಿಯನ್ನು ತಡೆಯಲು ಕಟ್ಟಿದ ಗೋಡೆ ಗುಂಡಿಗೆ ಮರೆಯಾಗಲಿಲ್ಲ. ಒಳಗೆ ಸೇರಿದವರೆಲ್ಲ ಒಂದೇ ಕಡೆ ಸಿಕ್ಕಿಬಿದ್ದರು. ಚೆತಾಂಬೆಯ ವಿಷಯ ಮಾತಾಡುವಾಗ ಒಂದು ಎಚ್ಚರ ಬೇಕು: ಆ ಕೋಟೆ ತಮ್ಮವನಾದ ಚೆತಾಂಬೆ ಇಫಿಲೆಯದು ಎಂದು ನೆರೆಯ ತಚೋನಿ ಜನ ಹೇಳುತ್ತಾರೆ. ಅದನ್ನು ಬರೀ ಬುಕುಸು ಕೋಟೆ ಎಂದರೆ ಅವರಿಗೆ ನೋವಾಗುತ್ತದೆ.

ಆಮೇಲೆ ಬ್ರಿಟಿಷರು ರಾಜನಿಲ್ಲದ ನಾಡಿಗೆ ಹೊರಗಿನ ಮುಖ್ಯಸ್ಥನನ್ನು ತಂದರು. ವಾಂಗಾ ರಾಜ ಮುಮಿಯಾನ ಮಲತಮ್ಮ ಮುರುಂಗಾ ಬುಕುಸುಗಳ ಮೇಲೆ ಚೀಫ್ ಆದ. ಗೋಡೆಗಳು ಪಾಳುಬಿದ್ದವು, ಜನ ಹೊಲದ ನಡುವೆ ಬಿಡಿಮನೆ ಕಟ್ಟಿಕೊಂಡರು. ಕಂಡಂತೆ ಹೇಳಬೇಕೆಂದರೆ, ಸೋಲಿಗಿಂತ ಹೆಚ್ಚು ಕಾಲ ಕಹಿ ಉಳಿಸಿದ್ದು ಈ ನೇಮಕವೇ.

ಈ ಕಥೆಗಳನ್ನು ಕೇಳಬೇಕೆಂದಿದ್ದರೆ ಇಸವಿ ಕೇಳಬೇಡಿ, ಸುನ್ನತಿಯ ತಂಡದ, ಅಂದರೆ ಒಂದೇ ಅವಧಿಯಲ್ಲಿ ಸುನ್ನತಿಯಾದವರ ಗುಂಪಿನ, ಹೆಸರು ಕೇಳಿ. ಸುನ್ನತಿ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಆಗಸ್ಟ್ ಸುಮಾರಿಗೆ ನಡೆಯುತ್ತದೆ. ಕೊಲೊಂಗೊಲೊ, ಕಿಕ್ವಾಮೆತಿ, ಕನನಾಚಿ, ಕಿನ್ಯಿಕೆವು, ನ್ಯಾಂಗೆ, ಮೈನಾ, ಚುಮಾ, ಸಾವಾ ಎಂಬ ಎಂಟು ಹೆಸರುಗಳು ಸರದಿಯಲ್ಲಿ ತಿರುಗಿ, ಸುಮಾರು ನೂರು ವರ್ಷಕ್ಕೆ ಮೊದಲ ಹೆಸರು ಮರಳುತ್ತದೆ. 1900ರಿಂದ 1910ರ ತಂಡ ಕೊಲೊಂಗೊಲೊ, 2000ದಿಂದ 2010ರದ್ದೂ ಅದೇ. ಎಡವುವುದು ಇಲ್ಲೇ: 'ಮೈನಾ ತಂಡದವನು' ಎಂದರೆ ಯಾವ ಸುತ್ತಿನ ಮೈನಾ ಎಂದು ಕೇಳದಿದ್ದರೆ ಲೆಕ್ಕ ಒಂದು ಶತಮಾನ ತಪ್ಪುತ್ತದೆ. ಹಿರಿಯರೊಬ್ಬರು ತೀರಿಕೊಂಡ ಮೇಲೆ ನಡೆಯುವ 'ಕುಮುಸೆ'ಯಲ್ಲಿ ಬೆಡಗುಗಳ, ಯುದ್ಧಗಳ ಚರಿತ್ರೆಯನ್ನು ಹಿರಿಯ ವಾಗ್ಮಿಯೊಬ್ಬರು ಅತ್ತಿಂದಿತ್ತ ನಡೆಯುತ್ತ ಹೇಳುತ್ತಾರೆ. ಮನೆಯವರ ಅನುಮತಿ ಪಡೆದು ಹೋಗಿ, ಅವರು ಹೇಳುವಾಗ ನಡುವೆ ಪ್ರಶ್ನೆ ಹಾಕಬೇಡಿ. ಹಳೆಯ ಬ್ರಿಟಿಷ್ ಕಾಗದಗಳಲ್ಲಿ ಕಾಣುವ 'ಕಿತೋಶ್' ಎಂಬ ಹೆಸರನ್ನು ಅವರ ಮುಂದೆ ಎತ್ತಲೇಬೇಡಿ. ಅದು ಹೊರಗಿನವರು ಇಟ್ಟದ್ದು, ಅವರು ಅದನ್ನು ಒಪ್ಪುವುದಿಲ್ಲ.