ತಳ ನೋಡಿ ಕೊಂಡ ವ್ಯಾನು

ನನ್ನದು ಸಾಗರದಲ್ಲಿ ದೋಸೆ, ಇಡ್ಲಿ ಹಿಟ್ಟಿನ ವ್ಯವಹಾರ. ಮನೆಯ ಹಿಂದಿದ್ದ ಕೊಟ್ಟಿಗೆಯನ್ನು ಸರಿಮಾಡಿಸಿ, ಎರಡು ಗ್ರೈಂಡರ್ ಇಟ್ಟುಕೊಂಡು ಶುರುಮಾಡಿದ್ದು. 2023ರ ಹೊತ್ತಿಗೆ ದಿನಕ್ಕೆ ಇನ್ನೂರು ಕಿಲೋದಷ್ಟು ಹಿಟ್ಟು ಹೊರಗೆ ಹೋಗುತ್ತಿತ್ತು. ಅಂಗಡಿಗಳಿಗೆ ಒಂದು ಕಿಲೋ ಪೊಟ್ಟಣ, ಹೋಟೆಲುಗಳಿಗೆ ಬಕೆಟ್ಟು. ಸಾಗಿಸಲು ಗೂಡ್ಸ್ ಆಟೊ ಗೊತ್ತುಮಾಡಿಕೊಂಡಿದ್ದೆ. ದಿನಕ್ಕೆ 450 ರೂಪಾಯಿ, ತಿಂಗಳಿಗೆ ಇಪ್ಪತ್ತಾರು ದಿನ. ಒಂದು ರಾತ್ರಿ ಕುಳಿತು ವರ್ಷದ ಲೆಕ್ಕ ಹಾಕಿದೆ: 1,40,400 ರೂಪಾಯಿ! ಆ ಹಣಕ್ಕೆ ಹಳೆಯ ವ್ಯಾನು ಒಂದು ಬಂದೇ ಬರುತ್ತದೆ ಎಂದು ಅನ್ನಿಸಿದ್ದು ಆಗಲೇ.

ಕೊಳ್ಳುವ ಮೊದಲು ಒಮ್ಮೆ ಓಡಿಸಿ ನೋಡೋಣ ಎಂದು ಏಪ್ರಿಲ್‌ನಲ್ಲಿ ಭಾವನ ಮಾರುತಿ ಓಮ್ನಿಯನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಗ್ರೈಂಡರ್ ಕೆಟ್ಟು ತಡವಾಗಿದ್ದರಿಂದ ಹೊರಡುವಾಗ ಬಿಸಿಲೇರಿತ್ತು. ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ತಾಳಗುಪ್ಪ ಮುಟ್ಟಿ, ಹೋಟೆಲಿನ ಮುಂದೆ ಪಕ್ಕದ ಬಾಗಿಲು ಜಾರಿಸಿದರೆ ಹುಳಿ ವಾಸನೆ ಮುಖಕ್ಕೆ ರಾಚಿತು. ಮುಂದಿನ ಸೀಟಿಗೆ ಒತ್ತಿಕೊಂಡಿದ್ದ ಮೂರು ಬಕೆಟ್ಟುಗಳಲ್ಲಿ ಹಿಟ್ಟು ಉಕ್ಕಿ ಮುಚ್ಚಳ ಎತ್ತಿಬಿಟ್ಟಿತ್ತು. ಬಿಳಿಯ ಹಿಟ್ಟು ಬಕೆಟ್ಟಿನ ಮೈಮೇಲೆ ಇಳಿದು, ಚಾಪೆಯ ಮೇಲೆ ಹರಿದು, ಬಾಗಿಲು ಜಾರುವ ಹಳಿಯೊಳಗೆ ಸೇರಿಕೊಂಡಿತ್ತು. ಹಿಂದಿನ ಸಾಲಿನ ಬಕೆಟ್ಟುಗಳಿಗೆ ಏನೂ ಆಗಿರಲಿಲ್ಲ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಮಾರುತಿಯದ್ದೇ ಇನ್ನೊಂದು ವ್ಯಾನು ಈಕೊದಲ್ಲಿಯೂ ಅಷ್ಟೇ. ಕುಳಿತವರಿಗೆ ತೊಡೆ ಬಿಸಿಯಾಗುವುದು ಗೊತ್ತಿತ್ತು, ಹಿಟ್ಟಿಗೂ ಅದು ತಾಗುತ್ತದೆ ಎಂದು ಹೊಳೆದಿರಲಿಲ್ಲ.

ವ್ಯಾನು ಹುಡುಕುವ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಒಂದು ದಿನಕ್ಕಾದರೂ ಅದೇ ಬಗೆಯ ಗಾಡಿಯನ್ನು ಯಾರಿಂದಲಾದರೂ ತಂದು, ನಿಮ್ಮದೇ ಸರಕನ್ನು ತುಂಬಿ, ನಿಮ್ಮ ದಾರಿಯಲ್ಲೇ ಓಡಿಸಿ. ಹೂವು, ಬೇಕರಿ ತಿಂಡಿ, ಬಟ್ಟೆ, ಹಾಲು ಒಂದೊಂದರ ಕಷ್ಟ ಒಂದೊಂದು.

ಟಾಟಾ ಏಸ್ ಎಂಬ ಪುಟ್ಟ ಸರಕು ಗಾಡಿ ಕೊಳ್ಳುವ ಆಲೋಚನೆಯೂ ಇತ್ತು. 2005ರಲ್ಲಿ ಬಂದ ಆ ಗಾಡಿ 750 ಕಿಲೋ ಹೊರುತ್ತದೆ. ಸರಕಿನ ಜಾಗ ಕ್ಯಾಬಿನ್ನಿನಿಂದ ಬೇರೆಯೇ ಇರುವುದರಿಂದ ಹಿಟ್ಟಿಗೆ ಬಿಸಿಯ ಕಾಟವಿಲ್ಲ. ಆದರೆ ನಮ್ಮ ಕಡೆಯ ಮಳೆಗೆ ತೆರೆದ ಗಾಡಿ ಆಗುವುದಿಲ್ಲ, ಮುಚ್ಚಿದ ಬಾಡಿ ಕಟ್ಟಿಸಬೇಕು. ಅದಕ್ಕೆ ಬೇರೆ ಖರ್ಚು. ಅದೂ ಅಲ್ಲದೆ ನಾನು ನೋಡಿದ ಹಳೆಯ ಏಸ್‌ಗಳೆಲ್ಲ ಚಿರೆಕಲ್ಲು, ಮರಳು, ಜಲ್ಲಿ ಹೊತ್ತು ಬೆನ್ನು ಬಾಗಿದವು. ಈಕೊ ದೊಡ್ಡದು, ಎಂಜಿನ್ನೂ ಹೊಸ ಕಾಲದ್ದು. ಆದರೆ ಅದು ಬಂದದ್ದೇ 2010ರಲ್ಲಿ. ಆದ್ದರಿಂದ ಒಳ್ಳೆಯ ಸ್ಥಿತಿಯ ಈಕೊಗೆ ಹೇಳುತ್ತಿದ್ದ ಬೆಲೆ ನನ್ನ ಕೈಗೆ ಎಟುಕುತ್ತಿರಲಿಲ್ಲ. ಓಮ್ನಿ 1984ರ ಕೊನೆಯಿಂದ 2019ರವರೆಗೆ ತಯಾರಾದ ಗಾಡಿ. ಅದರ 796 ಸಿಸಿ ಎಂಜಿನ್ ಮಾರುತಿ 800ರದ್ದೇ ಬಳಗ. ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ಅದರ ಬಿಡಿಭಾಗ ಸಿಗುತ್ತದೆ, ಅದನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಕೈಗಳೂ ಇವೆ. ನನ್ನಂತಹವಳಿಗೆ ಬೇಕಾದದ್ದು ಅದು. ಕೆಟ್ಟ ದಿನವೇ ಸರಿಯಾಗಬೇಕು, ಮರುದಿನ ಬೆಳಗಿನ ಜಾವ ಹಿಟ್ಟು ಹೊರಡಲೇಬೇಕು.

ನನ್ನ ಬಳಿ ಇದ್ದದ್ದು 1,90,000. ಅದರಲ್ಲಿ 50,000 ಮುಟ್ಟಬಾರದು ಎಂದು ಗೆರೆ ಹಾಕಿಕೊಂಡೆ. ಹಳೆಯ ಗಾಡಿಯ ಬೆಲೆ ಮಾರುವವನಿಗೆ ಕೊಟ್ಟ ದಿನಕ್ಕೆ ಮುಗಿಯುವುದಿಲ್ಲ.

ಮೊದಲು ನೋಡಲು ಹೋದದ್ದು ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆಗೆ. 2014ರ ಓಮ್ನಿ, 1,15,000 ರೂಪಾಯಿ. ಫೋಟೊದಲ್ಲಿ ಕಣ್ಣು ಕೋರೈಸುವ ಬಿಳಿ ಬಣ್ಣ. ಜೊತೆಗೆ ನಮ್ಮ ಓಣಿಯ ಗ್ಯಾರೇಜಿನ ಅಣ್ಣ ಬಂದಿದ್ದರು, ಅವರ ದಿನಗೂಲಿ ಮತ್ತು ಊಟ ನನ್ನದೆಂದು ಮಾತಾಗಿತ್ತು. ಎಂಜಿನ್ ಒಂದೇ ತಿರುವಿಗೆ ಚಾಲೂ ಆಯಿತು, ಶಬ್ದವೂ ಹದವಾಗಿತ್ತು. ಆಗಲೇ ನನ್ನ ಮನಸ್ಸು ಒಪ್ಪಿಬಿಟ್ಟಿತ್ತು. ಅಣ್ಣ ಮಾತ್ರ ಏನೂ ಹೇಳದೆ ನೆಲದ ಮೇಲೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಸರಿದರು.

«ಅಕ್ಕ, ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಹೊಡೆಸಿದ್ದಾರೆ» ಎಂದರು ಅಲ್ಲಿಂದಲೇ.

«ಒಳ್ಳೆಯದಲ್ಲವೇ ಅಣ್ಣ?»

«ಹೊಸ ಗಾಡಿಗೆ ಹೊಡೆಸಿದರೆ ಒಳ್ಳೆಯದು. ಮಾರುವ ವಾರ ಹೊಡೆಸಿದರೆ ನೋಡಬೇಕು.»

ಎದ್ದು ಬಂದು ಪಕ್ಕದ ಬಾಗಿಲು ತೆರೆದು, ಚಾಪೆಯ ಅಂಚನ್ನು ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ತಗಡನ್ನು ಮೆಲ್ಲಗೆ ಒತ್ತಿದರು. ಹಪ್ಪಳಕ್ಕೆ ಬೆರಳು ಚುಚ್ಚಿದಂತೆ ಅದು ಒಳಗೆ ಹೋಯಿತು. ತೂತಿನ ಸುತ್ತ ಕೆಂಪು ಪುಡಿ ಉದುರಿತು. ಬಗ್ಗಿ ನೋಡಿದರೆ ಆ ತೂತಿನಲ್ಲಿ ಅಂಗಳದ ಮರಳು ಕಾಣುತ್ತಿತ್ತು.

ನಂತರ ಬಾಗಿಲುಗಳನ್ನೆಲ್ಲ ಹಾಕಿ, ಗಾಜು ಏರಿಸಿ, ಬಿಸಿಲಿನಲ್ಲಿ ಹತ್ತು ನಿಮಿಷ ನಿಲ್ಲಿಸಲು ಹೇಳಿದರು. ತೆರೆದಾಗ ಬಂದದ್ದು ಮೀನಿನ ವಾಸನೆ. ಐಸು ಕರಗಿದ ಉಪ್ಪುನೀರು ವರ್ಷಗಟ್ಟಲೆ ಆ ತಗಡಿನ ಮೇಲೆ ನಿಂತಿತ್ತು, ಮೇಲಿಂದ ಕಡಲ ಗಾಳಿ. ನಮ್ಮ ಹಿಟ್ಟು ಪಕ್ಕದಲ್ಲಿಟ್ಟ ಯಾವ ವಾಸನೆಯನ್ನೂ ಹೀರಿಕೊಳ್ಳುತ್ತದೆ, ಆ ಗಾಡಿ ಪುಕ್ಕಟೆ ಕೊಟ್ಟರೂ ಬೇಡವಾಗಿತ್ತು. ಕರಾವಳಿಯ ಗಾಡಿಗಳೆಲ್ಲ ಹಾಗೆ ಎಂದು ನಾನು ಹೇಳುವುದಿಲ್ಲ. ನೋಂದಣಿ ಸಂಖ್ಯೆ ಕೆಎ-19, ಕೆಎ-20, ಕೆಎ-30 ಎಂದಿದ್ದರೆ ಚಾಪೆ ಎತ್ತದೆ ಬೆಲೆಯ ಮಾತಾಡಬೇಡಿ ಎಂದಷ್ಟೇ ಹೇಳುತ್ತೇನೆ.

ಊರಿಗೆ ಹತ್ತುವಾಗ ಘಾಟಿಯಲ್ಲಿ ಅಣ್ಣ ಬಿಡಿಸಿ ಹೇಳಿದರು. ಲಾರಿಗೆ ದಪ್ಪ ಕಬ್ಬಿಣದ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಓಮ್ನಿಯಲ್ಲಿ ತಗಡಿನ ಗೂಡೇ ಎಲ್ಲ ಭಾರವನ್ನು ಹೊರುತ್ತದೆ. ಎಂಜಿನ್ ಸೋತರೆ ಬಿಚ್ಚಿ ಬೋರ್ ಮಾಡಿಸಬಹುದು, ಬೇಕಾದರೆ ಬೇರೆ ಎಂಜಿನ್ನನ್ನೇ ಕೂರಿಸಿ ದಾಖಲೆಯಲ್ಲಿ ಅದನ್ನು ಸೇರಿಸಬಹುದು. ತಳ ಕರಗಿದರೆ ಟಿಂಕರಿಂಗ್‌ನವರು ತೇಪೆ ಹಾಕುತ್ತಾರೆ, ತೇಪೆಯ ಪಕ್ಕದಲ್ಲಿ ಮತ್ತೆ ಕರಗುತ್ತದೆ. ಪಾತ್ರೆ ಅಂಗಡಿಯಲ್ಲಿ ಅಮ್ಮ ಬೋಗುಣಿಯನ್ನು ಮೊದಲು ಬೋರಲು ಹಾಕಿ ತಳ ತಟ್ಟುತ್ತಿದ್ದದ್ದು ನೆನಪಾಯಿತು. ಅಷ್ಟು ವರ್ಷ ಅವಳ ಜೊತೆ ಅಂಗಡಿಗೆ ಹೋಗಿದ್ದರೂ ವ್ಯಾನಿನ ಮುಂದೆ ನಿಂತಾಗ ನಾನು ನೋಡಿದ್ದು ಬಣ್ಣವನ್ನು.

ಆಮೇಲೆ ನೋಡಿದ ಎರಡರಲ್ಲಿ ಒಂದಕ್ಕೆ ಆರ್‌ಸಿಯೇ, ಅಂದರೆ ನೋಂದಣಿ ಪತ್ರವೇ, ತೊಡಕಾಯಿತು. ಹೆಸರಿದ್ದದ್ದು ಹಿಂದಿನ ಹಿಂದಿನ ಮಾಲೀಕರದ್ದು. ಬ್ರೋಕರ್ ಹೆಸರು ವರ್ಗಾವಣೆಯ ನಮೂನೆ 29 ಮತ್ತು 30ರ ಮೇಲೆ ಖಾಲಿ ಸಹಿ ಹಾಕಿಸಿಕೊಂಡು ಇಟ್ಟಿದ್ದ, «ಯಾವಾಗ ಬೇಕಾದರೂ ಹೆಸರು ಬದಲಿಸಿಕೊಳ್ಳಿ» ಎಂದ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಮಾರಿ ಮರೆತ ಯಾರೋ ಒಬ್ಬರು ನನ್ನ ಅಪಘಾತಕ್ಕೆ ಪರಿಹಾರ ಕಟ್ಟಬೇಕಾಗುವಂತಹ ಗಾಡಿ ನನಗೆ ಬೇಡ. ಇನ್ನೊಂದರಲ್ಲಿ ಸೀಟಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿದ್ದ ಬೋಲ್ಟಿನ ತೂತುಗಳಿದ್ದವು, ಆರ್‌ಸಿಯಲ್ಲಿ ಮಾತ್ರ ಬರೀ ಪೆಟ್ರೋಲ್ ಎಂದಿತ್ತು. ದಾಖಲೆಗೆ ಸೇರಿಸದೆ ಗ್ಯಾಸಿನಲ್ಲಿ ಓಡಿಸಿದ ಗಾಡಿ ಎಂದು ಅಲ್ಲಿಂದಲೂ ಹಿಂತಿರುಗಿದೆ.

ಸ್ವಂತ ಬಳಕೆಯ ಬಿಳಿ ಬೋರ್ಡೋ, ವ್ಯಾಪಾರದ ಹಳದಿ ಬೋರ್ಡೋ ಎಂಬ ವಿಷಯದಲ್ಲಿ ನನಗೆ ಸಲಹೆ ಕೊಟ್ಟವರೇ ಹೆಚ್ಚು. «ಬಿಳಿ ಬೋರ್ಡ್ ತೆಗೆದುಕೊಳ್ಳಿ, ವರ್ಷ ವರ್ಷ ಎಫ್‌ಸಿ ತಲೆನೋವಿಲ್ಲ, ಯಾರೂ ಕೇಳುವುದಿಲ್ಲ» ಎಂದರು. ಎಫ್‌ಸಿ ಎಂದರೆ ಗಾಡಿ ಓಡಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ. ಕಾನೂನು ಹಾಗಿಲ್ಲ. ಸರಕು ಸಾಗಿಸಲೆಂದು ಕಟ್ಟದ ಗಾಡಿಯನ್ನೂ ಸರಕಿಗೆ ಬಳಸಿದರೆ ಅದು ಸರಕು ವಾಹನವೇ ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ದಿನವೂ ಹಿಟ್ಟು ತುಂಬಿಕೊಂಡು ಹೋಗುವ ಬಿಳಿ ಬೋರ್ಡಿನ ಗಾಡಿ ಯಾರಿಗಾದರೂ ತಾಗಿದರೆ ವಿಮೆಯವರು ಕೈಯೆತ್ತಬಹುದು. ನಾನೇ ಓಡಿಸುವವಳು, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳ ನಡುವೆ ಓಡಿಸುವವಳು. ಹಳದಿ ಬೋರ್ಡೇ ಬೇಕೆಂದು ಗಟ್ಟಿ ಮಾಡಿದೆ. ಒಟ್ಟು ತೂಕ ಮೂರು ಸಾವಿರ ಕಿಲೋ ದಾಟದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಲಘು ಮೋಟಾರು ವಾಹನದ ಸಾಮಾನ್ಯ ಲೈಸೆನ್ಸಿನಲ್ಲೇ ಇದನ್ನು ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು, ನಿಜ. ವರ್ಷಕ್ಕೊಮ್ಮೆ ಯಾರಾದರೂ ಬ್ರೇಕು, ದೀಪ ನೋಡುತ್ತಾರೆ ಎಂದುಕೊಂಡರೆ ಅದು ಭಾರವೆನಿಸುವುದಿಲ್ಲ.

ಕೊನೆಗೆ ಸಿಕ್ಕಿದ್ದು ದಾವಣಗೆರೆಯಲ್ಲಿ. 2013ರ ಓಮ್ನಿ ಕಾರ್ಗೊ, ಅಂದರೆ ಸರಕಿಗೆಂದೇ ಮಾಡಿದ ಓಮ್ನಿ, ಕೆಎ-17, ಬಟ್ಟೆ ವ್ಯಾಪಾರಿಯೊಬ್ಬರದ್ದು. ಫೋನಿನಲ್ಲೇ ಎರಡು ಮಾತು ಕೇಳಿಕೊಂಡಿದ್ದೆ. ಏನು ಹೊತ್ತಿದೆ? ಬಟ್ಟೆ ಗಂಟು ಮಾತ್ರ. ನಾವು ಬರುವವರೆಗೆ ಚಾಲೂ ಮಾಡದೆ ಇಡುತ್ತೀರಾ? ಇಡುತ್ತೇವೆ. ಬಿಸಿಯಾದ ಎಂಜಿನ್ ಹಲವು ತೊಂದರೆಗಳನ್ನು ಮುಚ್ಚಿಡುತ್ತದೆ. ತಣ್ಣಗಿದ್ದಾಗ ಅದರ ನಿಜ ತಿಳಿಯುತ್ತದೆ.

ಸೀಟು ಎತ್ತಿ ಮುಟ್ಟಿದಾಗ ಎಂಜಿನ್ ತಣ್ಣಗೇ ಇತ್ತು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಬದಿ ನೋಡಿದೆವು. ಅಲ್ಲಿ ಮಜ್ಜಿಗೆಯಂತಹ ಬಿಳಿ ಲೇಪ ಕಂಡರೆ ಆಯಿಲಿಗೆ ನೀರು ಸೇರುತ್ತಿರಬಹುದು. ಇದರಲ್ಲಿ ಬರೀ ಕಪ್ಪು ಆಯಿಲ್ ಇತ್ತು. ಚಾಲೂ ಮಾಡಿ ಹಿಂದೆ ನಿಂತು ಹೊಗೆ ನೋಡಿದೆ, ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂದು ಅರ್ಥ. ಬರಲಿಲ್ಲ. ಚಕ್ರದ ಮೇಲಂಚಿನಿಂದ ಬಾಡಿಯ ಅಂಚಿಗೆ ಎಡಕ್ಕೂ ಬಲಕ್ಕೂ ಗೇಣು ಹಾಕಿ ಅಳೆದೆ, ಎರಡೂ ಸಮ. ಸ್ಪ್ರಿಂಗ್ ಪಟ್ಟಿಗಳು ಕುಸಿದಿರಲಿಲ್ಲ. ಬಾಗಿಲು ಜಾರುವ ಕೆಳಗಿನ ಹಳಿಯನ್ನು ಬಟ್ಟೆಯಿಂದ ಒರೆಸಿ ನೋಡಿದೆವು. ಚಾಪೆ ಎತ್ತಿದರೆ ಬರೀ ಬಯಲುಸೀಮೆಯ ಧೂಳು. ಅಣ್ಣನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ನಾನೇ ಎಂಟು ಕಡೆ ಒತ್ತಿದೆ. ಎಲ್ಲೂ ಒಳಗೆ ಇಳಿಯಲಿಲ್ಲ.

ದೋಷಗಳೂ ಇದ್ದವು. ಟೈರಿನ ಪಕ್ಕದಲ್ಲಿ 1917 ಎಂದು ಅಚ್ಚಾಗಿತ್ತು, ಅಂದರೆ 2017ರ ಹತ್ತೊಂಬತ್ತನೆಯ ವಾರದ ಟೈರು. ಗೀರುಗಳಲ್ಲಿ ಆಳವಿದ್ದರೂ ರಬ್ಬರು ಬಿರುಕುಬಿಟ್ಟಿತ್ತು. ಬ್ಯಾಟರಿ ಸೋತಿತ್ತು, ಬಾಡಿಯ ಎಡ ಮೂಲೆಯಲ್ಲಿ ತಗ್ಗಿತ್ತು. ಇವೆಲ್ಲವನ್ನೂ ತೋರಿಸಿ 1,55,000 ಹೇಳಿದ್ದನ್ನು 1,40,000ಕ್ಕೆ ಇಳಿಸಿದೆವು. ವಾಹನದ ದಾಖಲೆ ತೋರಿಸುವ ಸರ್ಕಾರಿ ಎಂಪರಿವಾಹನ್ ಆ್ಯಪಿನಲ್ಲಿ ಮಾಲೀಕರ ಹೆಸರು, ಎಫ್‌ಸಿ, ವಿಮೆ ತಾಳೆ ನೋಡಿ, ಸಾಲ ತೀರಿದ ಪತ್ರ ಕೈಗೆ ಪಡೆದು, ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡ ಮೇಲೆಯೇ ಮುಂಗಡ ಕೊಟ್ಟದ್ದು.

ಹೊನ್ನಾಳಿ, ಶಿವಮೊಗ್ಗ ದಾಟಿ ಆನಂದಪುರದ ಹತ್ತಿರ ಬರುವಾಗ ಜೂನ್ ಕೊನೆಯ ಮಳೆ ಹಿಡಿಯಿತು. ಮುಂದಿನ ಗಾಜಿನ ರಬ್ಬರಿನಿಂದ ನನ್ನ ಮೊಣಕಾಲಿಗೆ ಹನಿ ಬಿತ್ತು. ಅದು ದಾವಣಗೆರೆಯ ಬಿಸಿಲಿನಲ್ಲಿ ಕಾಣುವಂಥದ್ದಲ್ಲ.

ಗೆರೆ ಹಾಕಿದ ಐವತ್ತು ಸಾವಿರ ಖಾಲಿಯಾಗಲು ಒಂದೂವರೆ ತಿಂಗಳು ಸಾಕಾಯಿತು. ದೊಡ್ಡ ಪೆಟ್ಟು ವಿಮೆಯದ್ದು. ಏಳೂವರೆ ಟನ್ ತನಕದ, ಪಬ್ಲಿಕ್ ಕ್ಯಾರಿಯರ್ ಎಂದಿರುವ ನಾಲ್ಕು ಚಕ್ರದ ಸರಕು ವಾಹನಗಳಿಗೆ ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗಾಗುವ ಹಾನಿಯ ವಿಮೆಯ, ದರ ಒಂದೇ ಆಗಿತ್ತು, 2022ರಲ್ಲಿ ನಿಗದಿಯಾದಂತೆ 16,049 ರೂಪಾಯಿ, ಅದರ ಮೇಲೆ ತೆರಿಗೆ. ನನ್ನ ಪುಟ್ಟ ಓಮ್ನಿಯೂ ಅದೇ ಸಾಲಿನಲ್ಲಿ. ನಾಲ್ಕು ಟೈರಿಗೆ 11,000. ಬ್ಯಾಟರಿ, ಟೈಮಿಂಗ್ ಬೆಲ್ಟ್, ರೇಡಿಯೇಟರಿನ ಹೋಸ್‌ಗಳಿಗೆ 9,000. ಗಾಜಿನ ರಬ್ಬರು, ಹೆಸರು ಬದಲಾವಣೆ, ಚಿಲ್ಲರೆ ಕೆಲಸಗಳು ಸೇರಿ ಉಳಿದದ್ದೂ ಹೋಯಿತು. ಆ ಹಣ ಮೊದಲೇ ಎತ್ತಿಡದಿದ್ದರೆ ವ್ಯಾನು ಅಂಗಳದಲ್ಲಿ ನಿಂತು, ಆಟೊ ಬಾಡಿಗೆಯೂ ನಡೆಯುತ್ತಿತ್ತು.

ಬಿಸಿಗೆ ದಾರಿ ಹುಡುಕಿದ್ದು ಬಡಗಿಯೊಬ್ಬರು. ಸೀಟಿನ ಹಿಂದೆ ಪ್ಲೈವುಡ್ಡಿನ ಗೋಡೆ ನಿಲ್ಲಿಸಿ, ಅದಕ್ಕೆ ಎರಡು ಇಂಚಿನ ಥರ್ಮೋಕೋಲ್ ಹಚ್ಚಿಕೊಟ್ಟರು. ಗೋಡೆಯ ಪಕ್ಕದಲ್ಲಿ ಖಾಲಿ ಬಕೆಟ್ಟು, ಹಿಂದುಗಡೆ ತುಂಬಿದವು. ಹೊರಡುವುದು ಬೆಳಗಿನ ನಾಲ್ಕೂವರೆಗೆ. ಇಷ್ಟು ಮಾಡಿದ ಮೇಲೆ ಒಂದು ಮುಚ್ಚಳವೂ ಮೇಲೆ ಬಂದಿಲ್ಲ.

ಈಗ ಮೂರನೆಯ ಮಳೆಗಾಲ. ಮೊನ್ನೆ ಹಳಿ ತೊಳೆಯುವಾಗ ಎಡ ಬಾಗಿಲಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ತುಕ್ಕು ಕಾಣಿಸಿತು. ಉಜ್ಜುಕಾಗದದಿಂದ ತಿಕ್ಕಿ ರೆಡ್ ಆಕ್ಸೈಡ್ ಬಳಿದು, ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿದ್ದೇನೆ. ಮಳೆ ನಿಂತ ಮೇಲೆ, ದೀಪಾವಳಿಯ ಹೊತ್ತಿಗೆ, ಅಡಿಯನ್ನೆಲ್ಲ ತೊಳೆಸಿ ಅಣ್ಣನಿಗೆ ತೋರಿಸಬೇಕು.